ಅತಿಥಿಗೆ ಬಡಿಸಿದ ಫೋನು

ಯದುಗಿರಿಯಮ್ಮನವರ ಹಳೆಯ ದಿನಚರಿಯಲ್ಲಿ ೨೦೧೯ರ ನವೆಂಬರ್ ೧೭, ಭಾನುವಾರದ ಪುಟ ಹೀಗಿದೆ: “ಸಂಜೆ ಮೊಮ್ಮಗಳು ವಾಗ್ದೇವಿಯ ಮೊದಲ ಕಛೇರಿ. ಫೋನಿನಲ್ಲಿ ನೇರ ಪ್ರಸಾರ.” ನಾದ ಚೆನ್ನಾಗಿ ಕೇಳಲೆಂದು ಅವರು ಫೋನಿನ ಡಿಜಿಟಲ್ ಅಂಕಿಗಳನ್ನು ನಾದವಾಗಿಸಿ ಹಿಗ್ಗಿಸುವ, ತನ್ನದೇ ಬ್ಯಾಟರಿಯುಳ್ಳ ಹೊಸ ಆಂಪ್ಲಿಫೈಯರನ್ನು ಫೋನಿನ ಚಾರ್ಜಿಂಗ್ ಕಿಂಡಿಗೂ, ಹೆಡ್‌ಫೋನನ್ನು ಆ ಆಂಪ್ಲಿಫೈಯರಿಗೂ ಜೋಡಿಸಿ, ಕಣ್ಣು ಮುಚ್ಚಿ ಕುಳಿತರು.

ಅತಿಥಿಯನ್ನು ಕಂಡು ಫೋನು ಹಿಗ್ಗಿತು. “ಬನ್ನಿ, ಸಂಕೋಚ ಬೇಡ,” ಎಂದು ತನ್ನ ಬ್ಯಾಟರಿಯಿಂದಲೇ ಬಡಿಸತೊಡಗಿತು.

“ನನ್ನ ಬುತ್ತಿಯೂ ತುಂಬಿದೆ,” ಎಂದಿತು ಆಂಪ್ಲಿಫೈಯರ್. “ಆದರೆ ಬಡಿಸಿದ್ದನ್ನು ಬೇಡವೆನ್ನುವ ಮನೆತನ ನಮ್ಮದಲ್ಲ.”

ಹೆಡ್‌ಫೋನು ಪಿಸುಗುಟ್ಟಿತು: “ಅಣ್ಣಾ, ನಿನ್ನ ಪಾತ್ರೆಯ ತಳ ಕಾಣುತ್ತಿದೆ. ಚಾರ್ಜರ್ ಬರುವ ಬಾಗಿಲಲ್ಲೂ ಆತನೇ ಕೂತಿದ್ದಾನೆ. ನಿಮ್ಮ ಬುತ್ತಿ ಬಿಚ್ಚಿ ಅಂತ ಒಂದು ಮಾತು ಹೇಳಬಾರದೇ?”

“ಎಲೆಯ ಮುಂದೆ ಕೂತವರಿಗೆ ಹಾಗೆನ್ನುವುದೇ? ನನ್ನ ಮಾನ ಏನಾಗಬೇಕು!”

ಕಛೇರಿಯ ಕೊನೆಗೆ ವಾಗ್ದೇವಿ, “ಇದು ನನಗೆ ಪಾಠ ಹೇಳಿದ ಅಜ್ಜಿಗಾಗಿ,” ಎಂದು ತೋಡಿ ರಾಗವನ್ನು ಎತ್ತಿಕೊಂಡಳು. ಅಷ್ಟರಲ್ಲಿ ಫೋನು ಆರಿಹೋಯಿತು.

“ಹಾಡೆಲ್ಲಿ? ನನ್ನಲ್ಲಿನ್ನೂ ಬೇಕಾದಷ್ಟಿದೆಯಲ್ಲ!” ಎಂದಿತು ಆಂಪ್ಲಿಫೈಯರ್.

“ಹಾಡು ಬರುತ್ತಿದ್ದದ್ದು ನಮ್ಮಣ್ಣನಿಂದ, ಸ್ವಾಮೀ. ನೀವು ಉಂಡದ್ದು ಅದನ್ನೇ,” ಎಂದಿತು ಹೆಡ್‌ಫೋನು.

ಯದುಗಿರಿಯಮ್ಮ ಅತಿಥಿಯನ್ನು ಎಬ್ಬಿಸಿ, ಚಾರ್ಜರ್ ಚುಚ್ಚಿ, ಫೋನು ಮತ್ತೆ ಕಣ್ಣು ಬಿಡುವ ಹೊತ್ತಿಗೆ ಸಭೆಯಲ್ಲಿ ಮಂಗಳವಾಗಿತ್ತು. ಹಾಡನ್ನು ಯಾರೂ ಧ್ವನಿಮುದ್ರಿಸಿಕೊಂಡಿರಲಿಲ್ಲ. ಆ ಸಂಜೆಯ ಉಪಚಾರಕ್ಕೆ ಬಿದ್ದ ಖರ್ಚು ಇಷ್ಟು: ಅಜ್ಜಿಗೆಂದೇ ಹಾಡಿದ, ಅಜ್ಜಿ ಕೇಳದ ಒಂದು ತೋಡಿ.