ಗುನ್ನವಿಲ್ಲದ ಬುಗುರಿ

ಮೊದಲು ಒಂದು ಒಗಟು.

ಹೊಡೆದವನು ಸಂಜೆಗೇ ಮರೆಯುತ್ತಾನೆ. ಹೊಡೆಸಿಕೊಂಡವನು ಜೇಬಿನಲ್ಲಿಟ್ಟುಕೊಂಡು ಜೀವಮಾನವೆಲ್ಲ ತಿರುಗುತ್ತಾನೆ. ಏನದು?

ತಲೆ ಕೆರೆದುಕೊಳ್ಳಬೇಡಿ, ಹೊಳೆಯೋದಿಲ್ಲ. ಪಾಲಾಕ್ಷನಿಗೇ ಹೊಳೆಯಲಿಲ್ಲ. ಅದು ಅವನ ಜೇಬಿನಲ್ಲೇ ಇತ್ತು.

ಒಗಟು ಕೇಳಿದವರು ಬುದ್ಧಿ. ಹೊಳೆದಂಡೆಯ ಆ ಪುಟ್ಟ ಮಠದ ಗುರುಗಳನ್ನು ಸುತ್ತಲಿನ ಹಳ್ಳಿಯವರೆಲ್ಲ ಕರೆಯೋದೇ ಹಾಗೆ. ಗುರುಗಳು ಸ್ನಾನಕ್ಕೆ ಹೋದಾಗ ಹೊಸಬರು ಯಾರಾದರೂ ಬಂದು, “ಒಳಗೆ ಯಾರಿದ್ದೀರಿ?” ಅಂದರೆ ಪಾಲಾಕ್ಷ ಬಾಗಿಲಿಗೆ ಬಂದು, “ನಾನೊಬ್ಬನೇ. ಬುದ್ಧಿ ಇಲ್ಲ,” ಅನ್ನುತ್ತಿದ್ದ.

ಬಂದವರು ಅವನ ಮುಖ ನೋಡಿ ನಂಬಿಬಿಡುತ್ತಿದ್ದರು.

ಮೀಸೆ ಚಿಗುರುವ ಮೊದಲೇ ಮಠ ಸೇರಿದವನು ಪಾಲಾಕ್ಷ. ಈಗ ಗಡ್ಡ ಅರ್ಧ ನರೆತಿದೆ. ಶಿಷ್ಯ ಅನ್ನೋ ಹೆಸರು ಮಾತ್ರ ಇನ್ನೂ ನರೆತಿಲ್ಲ.

ಒಂದು ಸೋಮವಾರ ಪೂಜೆ ಮುಗಿಸಿ ಅವನು ಜಗುಲಿಗೆ ಬಂದ. ಎದುರಿಗೇ ಹೊಳೆ ಹರಿಯುತ್ತಿತ್ತು. ಭಕ್ತರ ಮಕ್ಕಳು ಅದಕ್ಕೆ ಬೆನ್ನು ಹಾಕಿ ಸಾಲಾಗಿ ಕೂತು, ಮೊಬೈಲಿನಲ್ಲಿ ಇನ್ಯಾವುದೋ ಹೊಳೆ ನೋಡುತ್ತಿದ್ದರು.

“ಬುದ್ಧೀ, ಈ ಮಕ್ಕಳಿಗೆ ನಮ್ಮ ಕಾಲದ ಆಟದ ಸಾಮಾನುಗಳನ್ನು ತಿರುಗಿ ತರಬೇಕು,” ಅಂದ ಪಾಲಾಕ್ಷ. “ಗೋಲಿ, ಚಿನ್ನಿದಾಂಡು, ಸೈಕಲ್ ಟೈರು. ಮೊದಲು ಬುಗುರಿ.”

“ಮಕ್ಕಳು ಕೇಳಿದರೇನಪ್ಪ?”

“ಗೊತ್ತಿದ್ದರೆ ತಾನೇ ಕೇಳೋದು?”

“ಹಾಗಾದರೆ ಕೇಳ್ತಿರೋದು ಯಾರು?”

ಪಾಲಾಕ್ಷನ ಕೈ ತಾನಾಗಿ ಜುಬ್ಬದ ಜೇಬಿಗೆ ಹೋಯಿತು.

ಬುದ್ಧಿ ನಕ್ಕು, “ಮಾಡು, ಮಾಡು,” ಅಂದರು.

ಪಾಲಾಕ್ಷ ಬಡಗಿಯ ಪಕ್ಕದಲ್ಲೇ ಕೂತು ಬುಗುರಿ ಕಡೆಸಿದ. ಕೆಂಪು, ಹಳದಿ, ಗಿಳಿಹಸಿರು. ಎಲ್ಲದರ ತುದಿಗೂ ಮೊಂಡು ಮೊಳೆ.

“ಇದೇನು ಸ್ವಾಮಿ, ಹಲ್ಲು ಕಿತ್ತ ಹಾವಿನ ಥರ?” ಅಂದ ಬಡಗಿ.

“ಹೇಳಿದಷ್ಟು ಮಾಡಯ್ಯ.”

ಬುಗುರಿ ಆಡದೆ ಬೆಳೆದವರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಆ ಆಟದಲ್ಲಿ ಸೋತವನ ಬುಗುರಿಯನ್ನು ನೆಲದ ಮೇಲೆ ಗೆರೆ ಎಳೆದು ಅದರೊಳಗೆ ಇಡಬೇಕು. ಗೆದ್ದವನು ಗೆರೆಯಾಚೆ ನಿಂತು, ತನ್ನ ಬುಗುರಿಯ ಮೊಳೆಯಿಂದ ಅದರ ನೆತ್ತಿಗೆ ಹೊಡೆಯುತ್ತಾನೆ. ಬೀಳುವ ಗಾಯಕ್ಕೆ ಗುನ್ನ ಅಂತ ಹೆಸರು. ಗುನ್ನವೇ ಇಲ್ಲದ ಬುಗುರಿ ಎಲ್ಲಾದರೂ ಇದ್ದರೆ ಅದು ಅಂಗಡಿಯಲ್ಲಿ ಇರುತ್ತೆ.

ಪಾಲಾಕ್ಷ ಮಠದ ಗೋಡೆ ಮೇಲೆ, ‘ಚಪ್ಪಲಿ ಹೊರಗೆ ಬಿಡಿ’ ಅನ್ನೋದರ ಕೆಳಗೆ, ಇದ್ದಿಲಿನಲ್ಲಿ ದೊಡ್ಡದಾಗಿ ಬರೆದ: ‘ಗುನ್ನ ಹೊಡೆದರೆ ಆಟ ಇಲ್ಲ.’

ಮುಂದಿನ ಸೋಮವಾರ ಬುಗುರಿ ಕಂಡು ಮೊದಲು ಓಡಿ ಬಂದವರು ಮಕ್ಕಳಲ್ಲ, ಅಪ್ಪಂದಿರು.

“ಅಯ್ಯೋ, ಬುಗುರಿ! ಕೊಡೋ ಇಲ್ಲಿ, ನಿನಗೆ ಬರಲ್ಲ!”

ಪಂಚೆ ಎತ್ತಿ ಕಟ್ಟಿದರು. ಚಾಟಿ ಸುತ್ತಿದರು. ಬಿಟ್ಟರು, ಬಿದ್ದರು, ಎದ್ದರು. ಒಬ್ಬ ಮೇಷ್ಟ್ರಂತೂ ತಿರುಗುವ ಬುಗುರಿಯನ್ನು ಅಂಗೈ ಮೇಲೆ ತೆಗೆದುಕೊಂಡು, ಅದರ ಗುಯ್ ಅನ್ನೋ ಸದ್ದನ್ನು ಕಿವಿಗೆ ಹಿಡಿದು, ಕಣ್ಣೊರೆಸಿಕೊಂಡರು. ಅವರ ಮಗ ಅದನ್ನು ವಿಡಿಯೋ ಮಾಡಿಕೊಂಡ.

ಊಟದ ಗಂಟೆ ಬಾರಿಸಿ ದೊಡ್ಡವರೆಲ್ಲ ಪಂಕ್ತಿಗೆ ಹೋದ ಮೇಲಷ್ಟೇ ಮಕ್ಕಳ ಕೈಗೆ ಬುಗುರಿ ಸಿಕ್ಕಿದ್ದು.

ಎರಡು ಜಡೆಯ ಹುಡುಗಿಯೊಬ್ಬಳು ಮುಂದೆ ಬಂದಳು. ಹಿಂದೆಯೇ ಅವಳ ಚಿಕ್ಕಪ್ಪನ ಮಗ ಚಿರಂತ.

“ನಿನ್ನ ಹೆಸರೇನು ಕೂಸೆ?” ಅಂದರು ಬುದ್ಧಿ.

“ಮೋಕ್ಷಿತಾ.”

“ನೋಡಿದೆಯಾ ಪಾಲಾಕ್ಷ? ನಾವು ಇಷ್ಟು ಕಾಲ ಕಣ್ಣು ಮುಚ್ಚಿ ಕೂತದ್ದೇ ಬಂತು. ಇವಳು ಹೆಸರಲ್ಲೇ ಇಟ್ಕೊಂಡು ಬಂದವಳೆ.”

ಪಾಲಾಕ್ಷ ಅವಳಿಗೆ ಚಾಟಿ ಸುತ್ತೋದು ಹೇಳಿಕೊಟ್ಟ. ಬೀಸಿ ಎಳೆಯೋದು ಹೇಳಿಕೊಟ್ಟ. ಬುಗುರಿ ತಿರುಗಿತು. ಮೋಕ್ಷಿತಾ ಕುಣಿದಳು.

“ಆಮೇಲೆ?”

“ಆಮೇಲೆ ಮತ್ತೆ ಸುತ್ತು, ಮತ್ತೆ ಬಿಡು.”

ಸುತ್ತಿದಳು, ಬಿಟ್ಟಳು. “ಆಮೇಲೆ?”

“ಆಮೇಲೂ ಅದೇ ಕಣಮ್ಮ.”

“ಚಿರಂತನ ಜೊತೆ ಏನು ಆಡೋದು?”

“ಅವನು ಅವನದು ಬಿಡಲಿ. ನೀನು ನಿನ್ನದು ಬಿಡು.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಬುಗುರಿಗಳನ್ನು ಜಗುಲಿಯ ಮೇಲೆ ನೀಟಾಗಿ ಜೋಡಿಸಿಟ್ಟರು.

“ಚೆನ್ನಾಗಿದೆ ಸ್ವಾಮಿ,” ಅಂದ ಚಿರಂತ, ನೆಂಟರ ಮನೆಯ ಉಪ್ಪಿಟ್ಟಿಗೆ ಹೇಳುವ ಹಾಗೆ. ಆಮೇಲೆ ಅಮ್ಮನ ಮೊಬೈಲು ಹುಡುಕಿಕೊಂಡು ಹೋದ.

ಪಾಲಾಕ್ಷನ ಮುಖ ಸಪ್ಪಗಾಯಿತು. “ಈಗಿನ ಮಕ್ಕಳೇ ಹೀಗೆ ಬುದ್ಧೀ.”

ಬುದ್ಧಿ ಎದ್ದು ಗೋಡೆ ಹತ್ತಿರ ಹೋದರು. ‘ಹೊಡೆದರೆ’ ಅನ್ನೋದನ್ನು ಒದ್ದೆ ವಸ್ತ್ರದಲ್ಲಿ ಒರೆಸಿ, ಇದ್ದಿಲು ತೆಗೆದುಕೊಂಡು ಬೇರೆ ಬರೆದರು.

‘ಗುನ್ನ ಹೊಡೆಯದಿದ್ದರೆ ಆಟ ಇಲ್ಲ.’

“ಬೇಡಿ ಬುದ್ಧೀ!” ಪಾಲಾಕ್ಷ ಓಡಿ ಬಂದ. “ಜಗಳ ಆಡ್ತಾರೆ.”

“ಆಡಲಿ.”

“ಮಾತು ಬಿಡ್ತಾರೆ.”

“ಬಿಡಲಿ.”

“ಬಿಟ್ಟರೆ ಮತ್ತೆ ಸೇರೋದಿಲ್ಲ ಬುದ್ಧೀ. ನಿಮಗೆ ಗೊತ್ತಿಲ್ಲ.”

ಅವನ ದನಿ ಒಡೆದಿತ್ತು. ಬುದ್ಧಿ ತಿರುಗಿ ಅವನನ್ನು ನೋಡಿದರು. ಆಮೇಲೆ ಬುಗುರಿಗಳನ್ನೆಲ್ಲ ಮಡಿಲಿಗೆ ತುಂಬಿಕೊಂಡು ಹೊಳೆಯ ಮೆಟ್ಟಿಲಿಗೆ ಹೋಗಿ ಕೂತರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದೊಂದೇ ಮೊಳೆ ತಿಕ್ಕತೊಡಗಿದರು.

“ಏನು ಮಾಡ್ತಿದ್ದೀರಿ ಬುದ್ಧೀ?”

“ಹಲ್ಲು ಕಟ್ತಾ ಇದ್ದೀನಿ.”

ಮರುವಾರ ಅಪ್ಪಂದಿರನ್ನೆಲ್ಲ ಬುದ್ಧಿ ತರಕಾರಿ ಹೆಚ್ಚಲು ಕಳಿಸಿದರು. ಅಂಗಳ ಮಕ್ಕಳದಾಯಿತು. ಗೆರೆ ಬಿತ್ತು. ಮೋಕ್ಷಿತಾ ಸೋತಳು. ಅವಳ ಹಳದಿ ಬುಗುರಿ ಗೆರೆಯೊಳಗೆ ಕೂತಿತು.

ಚಿರಂತ ನಾಲಿಗೆ ಕಚ್ಚಿ, ಒಂದು ಕಣ್ಣು ಮುಚ್ಚಿ ಹೊಡೆದ. ಟಪ್! ಹಳದಿ ಬಣ್ಣ ಚಕ್ಕೆ ಎದ್ದಿತು.

“ನನ್ನ ಬುಗುರಿ!” ಮೋಕ್ಷಿತಾ ಅಂಗಳವೆಲ್ಲ ಕೇಳುವಂತೆ ಅತ್ತಳು. “ಟೂ! ನಿನ್ನ ಜೊತೆ ಸಾಯೋವರೆಗೂ ಟೂ!”

“ಬಿಡೇ! ಯಾರಿಗೆ ಬೇಕು ನಿನ್ನ ಮಾತು!”

“ನೋಡಿದಿರಾ ಬುದ್ಧೀ? ನಾನು ಹೇಳಲಿಲ್ವಾ?” ಪಾಲಾಕ್ಷ ಎದ್ದೇಬಿಟ್ಟ.

ಬುದ್ಧಿ ಅವನ ಜುಬ್ಬದ ಚುಂಗು ಹಿಡಿದೆಳೆದು ಕೂರಿಸಿದರು. “ಸುಮ್ನೆ ನೋಡು.”

ಒಳಗಿಂದ ಪಾಯಸದ ಕರೆ ಬಂತು. ಮಕ್ಕಳು ಉಂಡರು, ಬಾಯಿ ಒರೆಸಿಕೊಂಡರು, ಮತ್ತೆ ಅಂಗಳಕ್ಕೆ ನುಗ್ಗಿದರು. ನೋಡಿದರೆ ಮೋಕ್ಷಿತಾಳ ಚಾಟಿಯನ್ನು ಚಿರಂತನೇ ಸುತ್ತಿ ಕೊಡುತ್ತಿದ್ದಾನೆ.

ಪಾಲಾಕ್ಷನಿಗೆ ತಡೆಯಲಾಗಲಿಲ್ಲ. “ಏಯ್ ಮೋಕ್ಷಿತಾ, ಟೂ ಬಿಟ್ಟಿದ್ದೆಯಲ್ಲೇ?”

“ಅದಾ?” ಅವಳು ತಲೆ ಕೂಡ ಎತ್ತಲಿಲ್ಲ. “ಅದು ಪಾಯಸಕ್ಕೆ ಮುಂಚೆ.”

ಪಾಲಾಕ್ಷ ಜೇಬಿನೊಳಗೆ ಕೈ ಹಾಕಿ ಕೂತುಬಿಟ್ಟ.

ಮಕ್ಕಳ ಕಣ್ಣಿಗೆ ಉಬ್ಬಿದ ಜೇಬು ಬೀಳದೆ ಇರುತ್ತದೆಯೇ?

“ಸ್ವಾಮಿ, ಅದೇನು ಜೇಬಲ್ಲಿ?”

“ಏನಿಲ್ಲ.”

“ಮಠದಲ್ಲಿ ಸುಳ್ಳು ಹೇಳಬಾರದು,” ಅಂದ ಚಿರಂತ.

ಪಾಲಾಕ್ಷ ಬುದ್ಧಿಯ ಕಡೆ ನೋಡಿದ. ಬುದ್ಧಿ ಹೊಳೆಯ ಕಡೆ ನೋಡುತ್ತಿದ್ದರು. ಬೇರೆ ದಾರಿಯಿಲ್ಲದೆ ತೆಗೆದ.

ಸಣ್ಣದೊಂದು ಬುಗುರಿ. ಕೈಯ ಜಿಡ್ಡಿಗೆ ಕಪ್ಪಾಗಿ ಮಿರಮಿರ ಅನ್ನುತ್ತಿತ್ತು. ನೆತ್ತಿಯಿಂದ ಹೊಟ್ಟೆಯವರೆಗೆ ಒಂದೇ ಒಂದು ಗುನ್ನ, ಇನ್ನೊಂದು ಚೂರು ಇಳಿದಿದ್ದರೆ ಹೋಳಾಗುವಷ್ಟು ಆಳ.

“ಯಪ್ಪಾ! ಯಾರು ಸ್ವಾಮಿ ಹೊಡೆದಿದ್ದು?”

“ದೊರೆ.”

“ರಾಜನಾ?”

“ಅಲ್ಲ, ದೊರೆಸ್ವಾಮಿ. ನನ್ನ ಗೆಣೆಕಾರ. ಒಂದೇ ತಟ್ಟೇಲಿ ಉಣ್ತಿದ್ವಿ. ಈ ಬುಗುರಿ ಮಾಡಿಸಿಕೊಟ್ಟವನೂ ಅವನೇ. ಗುನ್ನ ಹೊಡೆದವನೂ ಅವನೇ. ಅದೂ ಗೆರೆ ದಾಟಿ!” ಪಾಲಾಕ್ಷನ ದನಿ ಏರಿತು. “ಅವನ ಕಾಲು ಗೆರೆಯಿಂದ ಈಚೆ ಇತ್ತು. ಈ ಕಣ್ಣಾರೆ ನೋಡಿದ್ದೀನಿ. ಒಪ್ಪಲೇ ಇಲ್ಲ!”

ಗಡ್ಡವೊಂದು ಇಲ್ಲದಿದ್ದರೆ ಅಲ್ಲಿ ಕೂತಿದ್ದವನು ಚಿರಂತನ ಕ್ಲಾಸಿನ ಹುಡುಗ.

“ಆಮೇಲೆ?” ಅಂದಳು ಮೋಕ್ಷಿತಾ.

“ಟೂ ಬಿಟ್ಟೆ.”

“ಆಮೇಲೆ?”

“ಅವನೇ ಬಂದು ಮಾತಾಡಿಸಲಿ ಅಂತ ಕಾದೆ. ಅವನೂ ಕಾದ ಅಂತ ಕಾಣುತ್ತೆ. ಅಷ್ಟರಲ್ಲಿ ನಾನು ಮಠಕ್ಕೆ ಬಂದೆ.”

“ಆಮೇಲೆ?”

“ಆಮೇಲೆ ಏನೂ ಇಲ್ಲ.”

ಚಿರಂತ ಹಣೆ ಗಂಟಿಕ್ಕಿದ. “ಗೆರೆ ದಾಟಿದ್ರೆ ಔಟು. ಇನ್ನೊಂದಾಟ ಆಡಿದ್ರೆ ಆಯ್ತಪ್ಪ. ಅದಕ್ಕೆ ಯಾರಾದ್ರೂ ಮುದುಕರಾಗೋವರೆಗೆ ಕಾಯ್ತಾರಾ?”

“ಇದು ಕಥೆನೇ ಅಲ್ಲ,” ಅಂದಳು ಮೋಕ್ಷಿತಾ. “ಕೊನೆಯೇ ಇಲ್ಲ ಇದಕ್ಕೆ.”

“ಇದೆ ಕೂಸೆ,” ಅಂದರು ಬುದ್ಧಿ.

ಎಲ್ಲರೂ ಅವರ ಕಡೆ ತಿರುಗಿದರು. ಪಾಲಾಕ್ಷನೂ ತಿರುಗಿದ.

“ಹೋದ ಮಾಗಿಯಲ್ಲಿ ಒಬ್ಬ ಬಂದಿದ್ದ. ತಲೆ ಬೋಳಾಗಿತ್ತು. ಇವನು ಹೊಳೆಯಲ್ಲಿ ಚೊಂಬು ಬೆಳಗ್ತಾ ಇದ್ದ. ಬಂದವನು ‘ಇಲ್ಲಿ ಪಾಲಾಕ್ಷ ಅಂತ ಇದ್ದಾನಂತಲ್ಲ ಬುದ್ಧೀ’ ಅಂದ. ಇರು, ಕರೀತೀನಿ ಅಂದೆ. ‘ಬೇಡಿ, ಅವನು ಟೂ ಬಿಟ್ಟವ್ನೆ’ ಅಂದ.”

ಮಕ್ಕಳು ಕಿಸಕ್ಕನೆ ನಕ್ಕರು. ಪಾಲಾಕ್ಷ ನಗಲಿಲ್ಲ.

“ಇಲ್ಲೇ, ಈ ಕಂಬಕ್ಕೆ ಒರಗಿ ನಿಂತು ಇವನ ಬೆನ್ನು ನೋಡಿದ. ‘ಇನ್ನೂ ಎಡಗೈಯಲ್ಲೇ ಉಜ್ಜುತಾನೆ’ ಅಂತ ತನ್ನಷ್ಟಕ್ಕೇ ಹೇಳ್ಕೊಂಡ. ಊಟ ಮಾಡಪ್ಪ ಅಂದೆ. ಮಾಡಲಿಲ್ಲ. ಹೊರಡುವಾಗ ಒಂದೇ ಮಾತು ಅಂದ. ‘ಅವತ್ತು ನನ್ನ ಕಾಲು ಗೆರೆ ದಾಟಿತ್ತು ಬುದ್ಧೀ.’”

ಪಾಲಾಕ್ಷ ಎದ್ದು ನಿಂತ. ಹೆಗಲ ವಸ್ತ್ರ ನೆಲಕ್ಕೆ ಬಿತ್ತು.

“ಒಪ್ಕೊಂಡ್ನಾ? ಅವನ ಬಾಯಿಂದಲೇ ಬಂತಾ?”

“ಬಂತು.”

“ಹೇಳಲಿಲ್ವಾ ನಾನು! ಹೇಳಲಿಲ್ವಾ!” ಪಾಲಾಕ್ಷ ಮಕ್ಕಳ ಕಡೆ ತಿರುಗಿ ತೊಡೆ ತಟ್ಟಿದ. ಗೆದ್ದ ನಗು ಗಡ್ಡದ ತುಂಬ ಹರಡಿತು. ಹರಡಿದ್ದು ಹಾಗೇ ನಿಂತಿತು. ನಿಧಾನವಾಗಿ ಬಾಡಿತು.

“ಊಟ ಮಾಡದೇ ಹೋದ್ನಾ ಬುದ್ಧೀ?”

“ಹ್ಞೂಂ.”

“ಹಸಿವು ತಡೆಯೋನಲ್ಲ ಅವನು.” ಪಾಲಾಕ್ಷ ಬುಗುರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. “ನೀವು ಒಂದು ಕೂಗು ಹಾಕಬಾರದಿತ್ತಾ? ಓಡಿ ಬರ್ತಿದ್ದೆನಲ್ಲ ಬುದ್ಧೀ. ಗೆರೆ ಹಾಳಾಗಿ ಹೋಗಲಿ, ಬಂದು ತಬ್ಬಿಕೊಳ್ತಿದ್ದೆನಲ್ಲ.”

ಮೋಕ್ಷಿತಾ ಬಿದ್ದ ವಸ್ತ್ರ ಎತ್ತಿ ಅವನ ಕೈಗೆ ಕೊಟ್ಟಳು.

ಬುದ್ಧಿ ಅಂದರು, “ದೊರೆ ಬರಲೇ ಇಲ್ಲ ಕಣಪ್ಪಾ, ಈ ಕೊನೆ ನಾನು ಕಟ್ಟಿದ್ದು. ನಿಜವಾದದ್ದು ಬೇಕಿದ್ದರೆ, ನಿಮ್ಮೂರಿನ ಬಸ್ಸು ಇನ್ನೂ ಹೊರಟಿಲ್ಲ.”