ಸ್ಟೆಪ್ನಿಗೆ ಸಿಕ್ಕ ನಿಂಬೆಹಣ್ಣು

ಎಲೆಕ್ಟ್ರಿಕ್ ಕಾರೊಂದರ ಡಿಕ್ಕಿಯಲ್ಲಿ ಸ್ಟೆಪ್ನಿ ಟೈರ್ ಮಲಗಿತ್ತು. ಇಂಜಿನ್ನಿನ ಗದ್ದಲವಿಲ್ಲದ ಆ ಕಾರಿನಲ್ಲಿ ರಸ್ತೆಯ ಸದ್ದೆಲ್ಲ ಅದಕ್ಕೆ ಕೇಳುತ್ತಿತ್ತು. ಆಯುಧಪೂಜೆಯ ದಿನ ನಾಲ್ಕು ಟೈರುಗಳೂ ನಿಂಬೆಹಣ್ಣು ಅಪ್ಪಚ್ಚಿ ಮಾಡಿ ಹೊರಟಾಗಲಂತೂ ಅದರ ಜೀವ ಹಾತೊರೆಯುತ್ತಿತ್ತು.

ಕೊನೆಗೆ ಆ ನಾಲ್ಕೂ ಸವೆದವು. ಟೈರ್ ಅಂಗಡಿಯಲ್ಲಿ ಡಿಕ್ಕಿ ತೆರೆಯಿತು.

"ಒಡೆಯಾ, ಇನ್ನಾದರೂ ನನ್ನನ್ನು ಆರಿಸಿಕೋ," ಎಂದಿತು ಸ್ಟೆಪ್ನಿ, ಕಾರಿಗೆ.

"ನೀನು ಬಿರುಕು ಬಿಟ್ಟಿದ್ದೀಯಲ್ಲೋ. ನನ್ನ ಬ್ಯಾಟರಿಯ ಭಾರ ನೀನು ಹೊರಲಾರೆ," ಎಂದಿತು ಕಾರು.

"ನಾನು ಒಂದು ದಿನವೂ ಓಡಿಲ್ಲವಲ್ಲ!"

"ಓಡದಿದ್ದರೂ ವಯಸ್ಸಾಗುತ್ತದಪ್ಪಾ."

ಹೊಸ ಟೈರುಗಳಡಿ ನಿಂಬೆಹಣ್ಣು ಇಡುವಾಗ ಒಂದು ಹಣ್ಣು ಕೈಜಾರಿ ಅಂಗಳಕ್ಕೆ ಬಿತ್ತು. ಅಂಗಡಿಯವನು ಸ್ಟೆಪ್ನಿಯನ್ನು ಗುಜರಿ ರಾಶಿಯತ್ತ ಉರುಳಿಸಿಬಿಟ್ಟ. ಮೊದಲ ಸಲ ನೆಲ ಮುಟ್ಟಿದ ಸ್ಟೆಪ್ನಿ, ಆ ಹಣ್ಣನ್ನು ಅಪ್ಪಚ್ಚಿ ಮಾಡಿಯೇ ಹೋಯಿತು.