ಐವಿ ಬಳ್ಳಿ ನೆರಳಿನಲ್ಲಿ ಜಾಗ ಹಿಡಿದದ್ದು

ಆಗ ಲೋಕ ಇನ್ನೂ ಹಸಿಹಸಿಯಾಗಿತ್ತು. ಬೆಟ್ಟಗಳ ಮೈ ಆರಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ನದಿಗಳು ಇನ್ನೂ ಒಂದನ್ನೊಂದು ಕೇಳುತ್ತಿದ್ದವು. ಸೂರ್ಯನೂ ಹೊಸಬ. ದಿನಕ್ಕೆ ಇಷ್ಟಿಷ್ಟೇ ಬಿಸಿಯಾಗುವುದನ್ನು ಕಲಿಯುತ್ತಿದ್ದ.

ಒಂದು ಮುಂಜಾನೆ ಭೂಮಿತಾಯಿ ಗಿಡಬಳ್ಳಿಗಳನ್ನೆಲ್ಲ ಕರೆದು ಹೇಳಿದಳು: "ಮಕ್ಕಳೇ, ಇವತ್ತಿಗೆ ಏಳನೆಯ ದಿನ ಸೂರ್ಯನ ಕಲಿಕೆ ಮುಗಿಯುತ್ತದೆ. ಅವತ್ತು ನಡುಮಧ್ಯಾಹ್ನ ಅವನು ಪೂರ್ತಿ ಉರಿಯುತ್ತಾನೆ. ಅಷ್ಟರೊಳಗೆ ಒಬ್ಬೊಬ್ಬರೂ ತಮಗೆ ಒಗ್ಗುವ ಜಾಗ ನೋಡಿಕೊಳ್ಳಿ. ಜಾಗ ಸಿಗದವರು ಒಣಗಿಹೋಗುತ್ತೀರಿ. ಆಮೇಲೆ ಅಮ್ಮಾ ಅಂತ ಅತ್ತರೆ ನಾನೇನೂ ಮಾಡುವ ಹಾಗಿಲ್ಲ."

ಶುರುವಾಯಿತು ನೋಡು ನೂಕುನುಗ್ಗಲು! ತಾವರೆ ದಡದಡ ನೀರಿಗಿಳಿಯಿತು. ಕಳ್ಳಿ ಬಯಲಿನ ಕಡೆ ಹೊರಟಿತು. ಗರಿಕೆ, "ನನಗೆ ಎಲ್ಲಾದರೂ ಸೈ" ಎಂದು ಎಲ್ಲೆಂದರಲ್ಲಿ ಕೂತಿತು.

ಜಾಗ ಹಿಡಿಯುವುದಕ್ಕೂ ಒಂದು ಕ್ರಮವಿತ್ತು. ಈಗ ನಾವು ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದಿಲ್ಲವೇ, ಹಾಗೆಯೇ. ಬೇಕಾದ ಜಾಗದಲ್ಲಿ ತಮ್ಮದೊಂದು ಎಲೆ ಇಟ್ಟರೆ ಅದು ಅವರದು. ಇನ್ನೊಬ್ಬರು ಅಲ್ಲಿಗೆ ಬರುವಂತಿರಲಿಲ್ಲ.

ಈ ಗುಂಪಿನಲ್ಲಿ ಒಂದು ಬಳ್ಳಿಯಿತ್ತು. ಅವಳಿಗೆ ಹೆಸರಿರಲಿಲ್ಲ. ಎಲ್ಲರೂ ಪುಟ್ಟಬಳ್ಳಿ ಎನ್ನುತ್ತಿದ್ದರು. ಎಳೆಯ ಮೈ, ತೆಳುವಾದ ಎಲೆ. ಎಳೆಬಿಸಿಲು ತಾಗಿದರೂ ತಲೆ ಸುತ್ತುತ್ತಿತ್ತು. ಅವಳಿಗೆ ಬೇಕಾದದ್ದು ನೆರಳು. ಆದರೆ ನಿಂತಲ್ಲಿ ನಿಲ್ಲುವ ಜಾತಿಯಲ್ಲ ಅವಳು. ಬಾಲ ಸುಟ್ಟ ಬೆಕ್ಕಿನ ಹಾಗೆ ಸುತ್ತುತ್ತಿದ್ದಳು. ಇದ್ದ ಒಂದೇ ಒಂದು ಕಾಲನ್ನು, ಅಂದರೆ ಬೇರನ್ನು, ಮಣ್ಣಿನಲ್ಲಿ ಬಿಟ್ಟು, ಮೈಯನ್ನೇ ಉದ್ದ ಮಾಡಿಕೊಂಡು ಓಡುವುದು ಅವಳ ರೂಢಿ.

ಅವಳಿದ್ದ ಬಯಲಿನ ನಡುವೆ ಬಂಡೆಯಜ್ಜಿ ಕೂತಿದ್ದಳು. ಬೆನ್ನನ್ನು ಬಿಸಿಲಿಗೆ ಕೊಟ್ಟು, ಸೊಂಟ ಬಗ್ಗಿಸಿ, ಮುಂದಕ್ಕೆ ಬಾಗಿ ಕೂತ ಮುದುಕಿ. ಅವಳ ಹತ್ತಿರವೇ ನೆರಳಕ್ಕ ಇರುತ್ತಿದ್ದಳು. ತಣ್ಣನೆಯ ಕಪ್ಪು ಸೀರೆ, ನೆಲದುದ್ದ ಹಾಸಿದ ಸೆರಗು.

ಮೊದಲ ದಿನ ಬೆಳಿಗ್ಗೆ ಆ ಸೆರಗು ಪಡುವಣ ದಿಕ್ಕಿಗೆ ಚೆಲ್ಲಿತ್ತು. ಪುಟ್ಟಬಳ್ಳಿ ಅದರ ತುದಿಗೇ ಓಡಿ, ಐದು ಬೆರಳು ಅಗಲಿಸಿದಂಥ ಒಂದು ಎಲೆಯನ್ನು ಇಟ್ಟಳು. "ಇದು ನನ್ನ ಜಾಗ!" ಎಂದಳು. ಅಬ್ಬಾ, ಎಷ್ಟು ತಂಪು!

ಉಸಿರು ಬಿಟ್ಟು ನೋಡುತ್ತಾಳೆ, ಎಲೆಯ ಮೇಲೆ ಬಿಸಿಲು. ಸೆರಗು ಒಂದು ಗೇಣು ಆಚೆ ಸರಿದಿತ್ತು.

ಪುಟ್ಟಬಳ್ಳಿ ಆಚೆ ಓಡಿ ಇನ್ನೊಂದು ಎಲೆ ಇಟ್ಟಳು. ಸೆರಗು ಮತ್ತೆ ಸರಿಯಿತು. ಮತ್ತೆ ಓಡಿದಳು, ಮತ್ತೆ ಎಲೆ ಇಟ್ಟಳು. ಸಂಜೆಗೆ ಸೆರಗು ಮೂಡಣ ದಿಕ್ಕಿನಲ್ಲಿತ್ತು. ಪುಟ್ಟಬಳ್ಳಿ ಹನ್ನೊಂದು ಎಲೆ ಇಟ್ಟಿದ್ದಳು. ಒಂದರ ಮೇಲೂ ನೆರಳಿರಲಿಲ್ಲ.

ಎರಡನೆಯ ದಿನ ಹದಿನಾಲ್ಕು ಎಲೆ. ಮೂರನೆಯ ದಿನ ಹತ್ತೊಂಬತ್ತು.

ಬಂಡೆಯಜ್ಜಿಯ ಮಡಿಲಿನಿಂದ ಬಸವನಹುಳು ಕೊಂಬು ಚಾಚಿ ಇದನ್ನೆಲ್ಲ ನೋಡುತ್ತಿತ್ತು. ಬೆನ್ನ ಮೇಲೆ ಮನೆ ಹೊತ್ತವನಿಗೆ ಜಾಗದ ಚಿಂತೆ ಎಲ್ಲಿಯದು?

"ಏನಮ್ಮಾ, ಎಲ್ಲಿಗೆ ಸವಾರಿ?" ಎಂದಿತು.

"ಮಾತಾಡೋಕೆ ಪುರುಸೊತ್ತಿಲ್ಲ ಮಾವ. ಜಾಗ ಹಿಡೀಬೇಕು."

"ನಿನ್ನೇನೂ ಹಿಡಿದೆ, ಮೊನ್ನೇನೂ ಹಿಡಿದೆ. ಇಷ್ಟು ಜಾಗ ಹಿಡಿದವರನ್ನ ನಾ ಕಾಣೆ. ನೀನೇನು ಊರು ಕಟ್ಟಿಸ್ತೀಯಾ?"

"ನಗಬೇಡ ಮಾವ. ನಾಲ್ಕೇ ದಿನ ಉಳಿದಿರೋದು."

"ಒಂದು ಗಳಿಗೆ ಕೂತು ಯೋಚನೆ ಮಾಡಬಾರದಾ?"

"ಕೂತರೆ ನೆರಳು ಹೋಗಿಬಿಡುತ್ತೆ!" ಎಂದು ಪುಟ್ಟಬಳ್ಳಿ ಓಡಿದಳು.

ಗಾಳಿ ಬೇರೆ ದಿನಾ ಬಂದು ಕೂಗುತ್ತಿತ್ತು. "ಮೂರು ದಿನ ಉಳೀತು! ಮಲ್ಲಿಗೆಗೆ ಜಾಗ ಆಯ್ತು, ಬಿದಿರಿಗೆ ಆಯ್ತು!" ಮಾರನೆಯ ದಿನ, "ಎರಡೇ ದಿನ! ಪಾಚಿಗೂ ಆಯ್ತು!" ಪಾಚಿಗೂ ಆಯಿತೆಂದು ಕೇಳಿ ಪುಟ್ಟಬಳ್ಳಿ ಇನ್ನೂ ಜೋರಾಗಿ ಓಡಿದಳು. ರಾತ್ರಿ ಎಲ್ಲ ಕಡೆಯೂ ಕತ್ತಲೆ, ಸೆರಗು ಯಾವುದೆಂದೇ ತಿಳಿಯುತ್ತಿರಲಿಲ್ಲ. ಆಗಲೂ ಅವಳು ತುದಿ ಅಲ್ಲಾಡಿಸುತ್ತಲೇ ಇದ್ದಳು.

ಏಳನೆಯ ದಿನ ಬಂತು.

ಬೆಳಿಗ್ಗೆಯೇ ಗಾಳಿ ಬಿಸಿಯಾಗಿತ್ತು, ಕೂಗಲೂ ಇಲ್ಲ. ನೆರಳಕ್ಕನ ಸೆರಗು ನೋಡನೋಡುತ್ತಿದ್ದಂತೆ ಚಿಕ್ಕದಾಗತೊಡಗಿತು. ಒಂದು ಮಾರು ಇದ್ದದ್ದು ಒಂದು ಮೊಳವಾಯಿತು. ಮೊಳ ಗೇಣಾಯಿತು. ಪುಟ್ಟಬಳ್ಳಿ ಅದರ ಹಿಂದೆಯೇ ಓಡಿದಳು. ಆರು ದಿನ ಇಟ್ಟ ಎಲೆಗಳೆಲ್ಲ ಅವಳ ಉದ್ದನೆಯ ಮೈಗೇ ಅಂಟಿಕೊಂಡು ಬಯಲಲ್ಲಿ ಬಿದ್ದಿದ್ದವು. ಅವುಗಳ ಅಂಚನ್ನು ಸೂರ್ಯ ಸುಡತೊಡಗಿದ. ಹಸಿರು ಅಂಚು ಬೆಳ್ಳಗಾಯಿತು.

"ಅಕ್ಕಾ, ನಿಲ್ಲಕ್ಕಾ! ನಿನ್ನ ದಮ್ಮಯ್ಯ, ಒಂದೇ ಒಂದು ಸಲ ನಿಲ್ಲು!"

ಸೆರಗು ಬಂಡೆಯಜ್ಜಿಯ ಬುಡಕ್ಕೆ ಬಂದು ಒಳಗೆ ಸೇರಿಕೊಂಡಿತು. ಹಿಂದೆಯೇ ಬಂದ ಪುಟ್ಟಬಳ್ಳಿ ಬಂಡೆಗೆ ತಲೆ ತಾಗಿಸಿಕೊಂಡು ಅಲ್ಲೇ ಕುಸಿದಳು.

"ಯಾಕಕ್ಕಾ ನನ್ನನ್ನ ಕಂಡರೆ ಓಡಿಹೋಗ್ತೀಯ?" ಎಂದು ಅತ್ತಳು.

ನೆರಳಕ್ಕನಿಗೆ ಆಶ್ಚರ್ಯವಾಯಿತು. "ನಾನೆಲ್ಲಿ ಓಡಿದೆನೇ? ನಾನು ಕೂತಲ್ಲಿಂದ ಎದ್ದೇ ಇಲ್ಲ. ಸೂರ್ಯ ನಡೆದ ಹಾಗೆ ಸೆರಗು ಸರೀತದೆ ಅಷ್ಟೆ. ನೀನು ಏಳು ದಿನ ಬರೀ ನನ್ನ ಸೆರಗು ಹಿಡಿಯೋಕೆ ಓಡಾಡಿದೆ. ನಾನು ಎಲ್ಲಿ ಕೂತಿದೀನಿ ಅಂತ ಒಂದು ಸಲವಾದರೂ ನೋಡಿದೆಯಾ?"

ಪುಟ್ಟಬಳ್ಳಿ ತಲೆಯೆತ್ತಿ ನೋಡಿದಳು. ಬಗ್ಗಿದ ಬಂಡೆಯಜ್ಜಿಯ ಮಡಿಲಿನಲ್ಲಿ ನೆರಳಕ್ಕ ಆರಾಮವಾಗಿ ಕೂತಿದ್ದಳು. ಅಲ್ಲಿ ಬೆಳಿಗ್ಗೆಯೂ ಬಿಸಿಲಿಲ್ಲ, ಸಂಜೆಯೂ ಬಿಸಿಲಿಲ್ಲ. ಯಾರ ಎಲೆಯೂ ಇರಲಿಲ್ಲ.

"ಇಷ್ಟು ಒಳ್ಳೆ ಜಾಗ, ಯಾರೂ ಯಾಕೆ ಹಿಡಿದಿಲ್ಲ?"

"ಹಿಡಿಯೋದು ಹೇಗೆ?" ಎಂದಳು ಬಂಡೆಯಜ್ಜಿ. ಅವಳು ಮಾತಾಡಿದ್ದು ಅದೇ ಮೊದಲು. "ನಾನು ಬರೀ ನುಣುಪು ಕಲ್ಲು ಮಗಾ. ಕೂರೋಕೆ ಸಂದಿಲ್ಲ, ಕಾಲೂರೋಕೆ ಮಣ್ಣಿಲ್ಲ. ಬಂದವರೆಲ್ಲ ಜಾರಿದರು. ಮಳೆ ಬಂತು, ಇಳಿದು ಹೋಯ್ತು. ಹಕ್ಕಿ ಬಂತು, ಹಾರಿ ಹೋಯ್ತು. ಬಂದವರೆಲ್ಲ ಹೋದವರೇ."

ಸೂರ್ಯ ನೆತ್ತಿಗೆ ಇನ್ನೆರಡೇ ಹೆಜ್ಜೆ ದೂರದಲ್ಲಿದ್ದ.

"ಅಜ್ಜಿ, ನಾನು ಹತ್ತಲಾ?"

"ಹತ್ತು. ಆದರೆ ಒಂದು ಮಾತು. ಹಿಡಿದರೆ ಬಿಡಬಾರದು. ಕಚಗುಳಿ ಇಟ್ಟು ಓಡಿಹೋಗೋ ಹಾಗಿದ್ದರೆ ಈಗಲೇ ಹೋಗು."

ಪುಟ್ಟಬಳ್ಳಿ ಬೆದರಿದಳು. ಬಿಡದೆ ಒಂದೇ ಕಡೆ ಇರುವುದೇ? ಅವಳ ತುದಿ ಆಗಲೂ ಅತ್ತ ಇತ್ತ ಆಡುತ್ತಲೇ ಇತ್ತು. "ಅಜ್ಜಿ, ನನಗೆ ಸುಮ್ಮನೆ ಕೂರೋಕೆ ಬರೋಲ್ಲ" ಎಂದು ನಿಜವನ್ನೇ ಹೇಳಿದಳು. "ಓಡದಿದ್ದರೆ ನಾನು ನಾನೇ ಅಲ್ಲ."

ಅಜ್ಜಿ ಮೆಲ್ಲಗೆ ನಕ್ಕಳು. "ಓಡಬೇಡ ಅಂದವರು ಯಾರು? ಮುಂದಕ್ಕೆ ಎಷ್ಟು ಬೇಕೋ ಅಷ್ಟು ಓಡು. ಇಟ್ಟ ಕಾಲು ಮಾತ್ರ ಕೀಳಬೇಡ."

"ಆಗಲಿ ಅಜ್ಜಿ. ಇಟ್ಟ ಕಾಲು ಕೀಳೋಲ್ಲ" ಎಂದಳು ಪುಟ್ಟಬಳ್ಳಿ. ಅಂದ ಮೇಲೆ ನೆನಪಾಯಿತು. "ಅಯ್ಯೋ, ನನಗಿರೋದು ಒಂದೇ ಕಾಲು! ಅದೂ ಮಣ್ಣಲ್ಲಿದೆ!"

"ಎಲೆ ಮೂಡಿಸಿದವಳಿಗೆ ಕಾಲು ಮೂಡಿಸೋದು ಕಷ್ಟವಾ?" ಎಂದಿತು ಮೇಲಿನಿಂದ ಬಸವನಹುಳು. "ಎಲೆಗೊಂದು ಗುಂಪು ಕಾಲು ಮೂಡಿಸು. ಅಂಟಿಗೆ ನನ್ನ ಲೋಳೆ ಕೊಡ್ತೀನಿ. ನಾನು ಜಾರದೆ ಇರೋದು ಅದರಿಂದಲೇ."

ಬಸವನಹುಳು ಬಂಡೆಯ ಮೇಲೆ ಮೆಲ್ಲಗೆ ಹರಿಯಿತು. ಹಿಂದೆ ಬೆಳ್ಳಿಗೆರೆಯಂಥ ಲೋಳೆ ಮೂಡಿತು. ಪುಟ್ಟಬಳ್ಳಿ ಮೈಯೆಲ್ಲ ಬಿಗಿಹಿಡಿದು ತಿಣುಕಿದಳು. ಮೊದಲ ಎಲೆಯ ಬುಡದಲ್ಲಿ ನೂಲಿನಷ್ಟು ಸಣ್ಣ ಕಂದು ಕಾಲುಗಳು ಹೊರಬಂದವು. ಅವನ್ನು ಲೋಳೆಗೆ ಒತ್ತಿ ಕಲ್ಲಿನ ಮೇಲೆ ಇಟ್ಟಳು. ಜಾರಲಿಲ್ಲ! ಇನ್ನೊಂದು ಎಲೆ, ಇನ್ನೊಂದು ಹಿಡಿ ಕಾಲು. ಇಟ್ಟಳು, ಒತ್ತಿದಳು, ಹತ್ತಿದಳು. ಬಯಲಲ್ಲಿ ಬಿದ್ದಿದ್ದ ಮೈಯನ್ನೆಲ್ಲ ಎಳೆದುಕೊಂಡು, ಇಟ್ಟಳು, ಒತ್ತಿದಳು, ಹತ್ತಿದಳು.

ಸೂರ್ಯ ನೆತ್ತಿಗೆ ಬಂದು ಪೂರ್ತಿ ಉರಿದ. ಬಯಲೆಲ್ಲ ಬೆಂಕಿಯಾಯಿತು. ಪುಟ್ಟಬಳ್ಳಿಯ ಕೊನೆಯ ಎಲೆ ಆಗ ತಾನೇ ನೆರಳಕ್ಕನ ಮಡಿಲು ಸೇರಿತ್ತು.

ಸಂಜೆ ಭೂಮಿತಾಯಿ ಎಲ್ಲರ ಜಾಗ ನೋಡುತ್ತ ಬಂದಳು. ಬಂಡೆಯ ಮೇಲೆ ಹಸಿರು ಕಂಡು ಬೆರಗಾಗಿ ನಿಂತಳು. "ಯಾರೇ ಅದು, ಕಲ್ಲಿನ ಮೇಲೆ?"

"ನಾನಮ್ಮಾ, ಪುಟ್ಟಬಳ್ಳಿ" ಎಂದಳು ಅವಳು, ಇನ್ನೊಂದು ಎಲೆ ಮುಂದಿಡುತ್ತ.

"ಇವಳು ಹೋಗೋಲ್ಲ, ನನ್ನ ಹತ್ತಿರಾನೇ ಇರ್ತಾಳೆ" ಎಂದಳು ಬಂಡೆಯಜ್ಜಿ.

ಆ ಪುಟ್ಟಬಳ್ಳಿಯನ್ನೇ ಈಗ ನಾವು ಐವಿ ಎನ್ನುತ್ತೇವೆ. ಹಿತ್ತಲಿನಲ್ಲಿ ಬಿಸಿಲು ಬೀಳದ ಗೋಡೆಯ ಪಕ್ಕ ಒಂದು ಕುಂಡದಲ್ಲಿಟ್ಟು ನೋಡು ಮಗು. ಸುಟ್ಟ ಬಿಳಿ ಅಂಚಿನ ಎಲೆಯನ್ನು ಐದು ಬೆರಳು ಅಗಲಿಸಿ ಇಡುತ್ತ, ತುದಿ ಅಲ್ಲಾಡಿಸುತ್ತ, ಅವಳು ಇಂದಿಗೂ ಮೇಲೆ ಮೇಲೆ ಓಡುತ್ತಲೇ ಇದ್ದಾಳೆ. ಆದರೆ ಅಜ್ಜಿಗೆ ಕೊಟ್ಟ ಮಾತು ಮಾತೇ. ಅದಕ್ಕೇ ಯಾರಾದರೂ ಐವಿಯನ್ನು ಗೋಡೆಯಿಂದ ಎಳೆದು ಕಿತ್ತರೆ ಬಳ್ಳಿ ಕೈಗೆ ಬರುತ್ತದೆ, ಆ ಪುಟ್ಟ ಕಂದು ಕಾಲುಗಳು ಮಾತ್ರ ಗೋಡೆಯಲ್ಲೇ ಉಳಿದುಬಿಡುತ್ತವೆ.